ಗುರುತು ಹೇಳಿ ಒಯ್ಯತಕ್ಕದ್ದು

ಕೊಡೆ ಸಾಹೇಬರಿಗೆ ಸಿಟ್ಟು ಬರಬೇಕಾದರೆ ಕಾರಣ ಇರಲೇಬೇಕೆಂದೇನೂ ಇರಲಿಲ್ಲ. ಆದರೆ ಆ ಭಾನುವಾರ ಬೆಳಿಗ್ಗೆ ಗಟ್ಟಿಮುಟ್ಟಾದ ಕಾರಣವೊಂದು ತಾನಾಗಿಯೇ ನಡೆದುಕೊಂಡು ಮನೆಗೆ ಬಂತು. ಅದು ಅವರ ಹೆಂಡತಿಯ ತಮ್ಮ.

ಸಾಹೇಬರೆಂದರೆ ಯಾವ ದೊಡ್ಡ ಸಾಹೇಬರೂ ಅಲ್ಲ. ಬಸ್ ನಿಲ್ದಾಣದಲ್ಲಿ ಶೌಚಾಲಯಕ್ಕೂ ಪಾರ್ಸೆಲ್ ಕೋಣೆಗೂ ನಡುವೆ ಒಂದು ಸಣ್ಣ ಕಿಟಕಿ ಇದೆ. ಅದರ ಮೇಲೆ 'ಕಳೆದುಹೋದ ವಸ್ತುಗಳು' ಎಂದು ಬೋರ್ಡು. ಜನ ಬಸ್ಸಿನಲ್ಲಿ ಮರೆತು ಇಳಿದ ಟಿಫಿನ್ ಡಬ್ಬಿ, ಕನ್ನಡಕ, ಒಂಟಿ ಚಪ್ಪಲಿ ಎಲ್ಲ ಬಂದು ಸೇರುವುದು ಆ ಕಿಟಕಿಯ ಹಿಂದೆ. ಹದಿನೆಂಟು ವರ್ಷದಿಂದ ಅಲ್ಲಿ ಕೂತಿರುವವರು ಇವರು. ಬರುವ ವಸ್ತುಗಳಲ್ಲಿ ಕೊಡೆಯೇ ಹೆಚ್ಚಾದ್ದರಿಂದ ಕೊಡೆ ಸಾಹೇಬರು ಎಂಬ ಹೆಸರು ಬಂತು. ಕೊಡೆ ಎಂದರೆ ಛತ್ರಿಯಲ್ಲ, 'ಕೊಡುವುದಿಲ್ಲ' ಎಂದೇ ಅರ್ಥ ಎನ್ನುವವರೂ ಇದ್ದರು. ಅವರೆಲ್ಲ ಛತ್ರಿ ಕಳೆದುಕೊಂಡವರು.

ಗುರುತು ಹೇಳದೆ ಆ ಕಿಟಕಿಯಿಂದ ಒಂದು ಕರವಸ್ತ್ರವೂ ಆಚೆ ಹೋಗುತ್ತಿರಲಿಲ್ಲ. ಒಮ್ಮೆ ಒಬ್ಬ ಮುದುಕರು ಬಸ್ಸಿನಲ್ಲಿ ಬಿಟ್ಟಿದ್ದ ತಮ್ಮ ಹಲ್ಲಿನ ಸೆಟ್ಟು ಕೇಳಿಕೊಂಡು ಬಂದಿದ್ದರು. "ಎಷ್ಟು ಹಲ್ಲು? ಯಾವುದು ಸವೆದಿದೆ? ಸ್ಪಷ್ಟವಾಗಿ ಹೇಳಿ" ಎಂದರು ಸಾಹೇಬರು. ಸ್ಪಷ್ಟವಾಗಿ ಹೇಳಬೇಕಾದರೆ ಮುದುಕರಿಗೆ ಆ ಹಲ್ಲೇ ಬೇಕಿತ್ತು. ಅವರು ಬೊಚ್ಚು ಬಾಯಲ್ಲಿ ಏನೇನೋ ಬೈದು ಬರಿಗೈಯಲ್ಲಿ ಹೋದರು. ನ್ಯಾಯ ಎಂದರೆ ನ್ಯಾಯ.

ಇಂಥವರ ಎದುರು ಕುರ್ಚಿ ಎಳೆದು ಕೂತು ಭಾವಮೈದ ಹೇಳಿದ.

"ಭಾವ, ನಾನು ಹೇಳೋದು ನಿಮ್ಮ ಒಳ್ಳೇದಕ್ಕೇನೆ. ಸಾಯಂಕಾಲ ಅಕ್ಕನ್ನ ನಮ್ಮ ಜೊತೆ ಕಳಿಸಿ. ನೀವು ಮಕ್ಕಳನ್ನ ಇಟ್ಕೊಂಡು ಮನೇಲಿದ್ದುಬಿಡಿ. ಚಿಕ್ಕ ಮಕ್ಕಳನ್ನ ಕಟ್ಕೊಂಡು ಸಂಗೀತಕ್ಕೆ ಹೋದೋರು ಸಂಗೀತ ಕೇಳಿದ್ದುಂಟಾ?"

"ನೋಟೀಸು ನೋಡಿದ್ಯಾ ನೀನು? ಬೇಸಿಗೆ ಸಂಗೀತೋತ್ಸವ, ಕುಟುಂಬ ಸಮೇತ ಬನ್ನಿ ಅಂತ ದಪ್ಪಕ್ಷರದಲ್ಲಿ ಹಾಕಿದಾರೆ. ನಂದೇನು ಕುಟುಂಬ ಅಲ್ವಾ? ಸರ್ಕಸ್ಸಾ?"

"ಕುಟುಂಬಾನೇ ಭಾವ. ಆದ್ರೆ ಇಂಜಿನ್ನು..."

ಇಂಜಿನ್ನು ಎಂದರೆ ಸಾಹೇಬರ ಮಗ. ನಾಲ್ಕು ವರ್ಷದವನು. ಎದ್ದಾಗಿನಿಂದ ಮಲಗುವವರೆಗೆ ಕೂಗುತ್ತ ಓಡುತ್ತಿದ್ದ, ಹಳಿ ಮಾತ್ರ ಇರಲಿಲ್ಲ. ಅವನ ಅಕ್ಕ ಲಾಯರಮ್ಮ, ಆರು ವರ್ಷ. ಮಲಗು ಎಂದರೆ ಯಾಕೆ ಎಂದು ಕೇಳಿ, ಉತ್ತರ ಸರಿಯಿಲ್ಲವೆಂದು ಎದ್ದು ಕೂರುವವಳು. ಹಿಂದೆ ಒಂದು ಮದುವೆಯಲ್ಲಿ ಇವರಿಬ್ಬರೂ ವಾದ್ಯದವರ ಡೋಲಿನೊಳಗೆ ಏನಿದೆಯೆಂದು ಪರೀಕ್ಷೆ ಮಾಡಿದ್ದರು. ಒಳಗೆ ಏನೂ ಇರಲಿಲ್ಲವೆಂದು ಆಮೇಲೆ ಎಲ್ಲರಿಗೂ ಗೊತ್ತಾಯಿತು.

"ನನಗೂ ಮಕ್ಕಳು ಬರ್ಲಿ ಅಂತಲೇ ಆಸೆ ಕಣೋ," ಎಂದಳು ಒಳಗಿನಿಂದ ಬಂದ ಹೆಂಡತಿ. "ಟೀಚರನ್ನ ಅವರೂ ಒಂದ್ಸಲ ಕೇಳ್ಲಿ. ಇನ್ನು ಕೇಳ್ತೀವಿ ಅಂದ್ರೂ ಸಿಗಲ್ಲ."

ಆ ಟೀಚರು ಆಕೆಗೆ ಹುಡುಗಿಯಾಗಿದ್ದಾಗ ಹಾಡು ಹೇಳಿಕೊಟ್ಟವರು. ಈಗ ಹಣ್ಣು ಮುದುಕಿ. ಇದಾದ ಮೇಲೆ ವೇದಿಕೆ ಹತ್ತುವುದಿಲ್ಲ ಎಂದು ಹೇಳಿಬಿಟ್ಟಿದ್ದರು. ಸಾಹೇಬರ ಹೆಂಡತಿ ಲಾಯರಮ್ಮ ಹುಟ್ಟಿದ ಮೇಲೆ ಒಂದು ಹಾಡನ್ನು ಮೊದಲಿಂದ ಕೊನೆಯವರೆಗೆ ಕೇಳಿದ್ದೇ ಇಲ್ಲ. ರೇಡಿಯೋದಲ್ಲಿ ಪಲ್ಲವಿ ಬಂದರೆ ಹಾಲು ಉಕ್ಕುತ್ತಿತ್ತು, ಚರಣಕ್ಕೆ ಮಗ ಮಂಚದಿಂದ ಬೀಳುತ್ತಿದ್ದ. ಆಕೆ ಅದನ್ನು ದೂರಾಗಿ ಹೇಳಿದವಳಲ್ಲ. ಒಮ್ಮೆ ಮಾತ್ರ, ಒಲೆಯ ಮುಂದೆ ನಿಂತು, "ಎಲ್ಲಾ ಹಾಡೂ ಅರ್ಧರ್ಧ ಗೊತ್ತು ನೋಡಿ ನನಗೆ" ಎಂದು ನಕ್ಕಿದ್ದಳು. ಆ ನಗು ಸಾಹೇಬರ ಎದೆಯಲ್ಲಿ ಮುಳ್ಳಿನಂತೆ ಉಳಿದುಹೋಗಿತ್ತು.

ಈಗ ಭಾವಮೈದನ ಮಾತು ಉರಿಯುವ ಬೆಂಕಿಗೆ ತುಪ್ಪ ಸುರಿಯಿತು. ಸಾಹೇಬರು ಎದ್ದು ನಿಂತರು.

"ಕೇಳು. ಹದಿನೆಂಟು ವರ್ಷದಲ್ಲಿ ನನ್ನ ಕೈಯಿಂದ ಒಂದು ಕೊಡೆ ಕಳೆದಿಲ್ಲ. ಇನ್ನು ನನ್ನ ಮಕ್ಕಳನ್ನ ನಾನು ಸಂಭಾಳಿಸಲ್ವಾ? ನಿನ್ನ ಅಕ್ಕ ಇವತ್ತು ಮುಂದಿನ ಸಾಲಲ್ಲಿ ಕೂತು, ಟೀಚರು ಬಾಯಿ ತೆಗೆದಾಗಿಂದ ಮುಚ್ಚೋವರೆಗೂ ಕೇಳ್ತಾಳೆ. ಒಂದ್ಸಲ ಕೂಡ ಏಳಲ್ಲ. ಎದ್ದರೆ ನಾನು ಮೀಸೆ ಬೋಳಿಸ್ತೀನಿ."

ಅವರಿಗೆ ಮೀಸೆ ಇರಲಿಲ್ಲ. ಆದರೂ ಮಾತಿನ ತೂಕಕ್ಕೆ ಭಾವಮೈದ ಕುರ್ಚಿ ಹಿಂದಕ್ಕೆ ಸರಿಸಿ ಎದ್ದ.

ಮಧ್ಯಾಹ್ನ ಊಟವಾದ ಮೇಲೆ ಸಾಹೇಬರು ತಯಾರಿಗೆ ಕೂತರು. ಜನಜಂಗುಳಿಯಲ್ಲಿ ಮಕ್ಕಳು ತಪ್ಪಿಸಿಕೊಂಡರೆ ಪತ್ತೆಯಾಗಲು ಕೊರಳಿಗೆ ಚೀಟಿ ಇರಬೇಕು. ಚೀಟಿಗೇನು ಬರ, ಕಚೇರಿಯ ಚೀಲದಲ್ಲಿ ಹಳದಿ ರಟ್ಟಿನ, ದಾರ ಪೋಣಿಸಿದ, ಗಟ್ಟಿ ಚೀಟಿಗಳ ಕಟ್ಟೇ ಇತ್ತು. ಎರಡು ತೆಗೆದು ಖಾಲಿ ಇದ್ದ ಬದಿಯಲ್ಲಿ 'ಸಂಪರ್ಕಿಸಿ' ಎಂದು ದುಂಡಗೆ ಬರೆದು ಕೆಳಗೆ ಫೋನ್ ನಂಬರು ಹಾಕಿದರು. ಕೈಗೆ ರೂಢಿಯಾಗಿದ್ದ ನಂಬರು ಬಂತು, ಅದು ಕೌಂಟರಿನದು.

ಇನ್ನೊಂದು ಬದಿಯಲ್ಲಿ ಇಲಾಖೆಯವರು ಅಚ್ಚು ಹಾಕಿಸಿದ್ದ ಮಾತು ಹೀಗಿತ್ತು: 'ಸಿಕ್ಕಿದ ವಸ್ತು. ಗುರುತು ಹೇಳಿ ಒಯ್ಯತಕ್ಕದ್ದು. ಮೂವತ್ತು ದಿನಗಳೊಳಗೆ ವಾರಸುದಾರರು ಬಾರದಿದ್ದಲ್ಲಿ ಹರಾಜು ಹಾಕಲಾಗುವುದು.' ವರ್ಷಗಟ್ಟಲೆ ನೋಡಿ ನೋಡಿ ಸಾಹೇಬರಿಗೆ ಆ ಅಕ್ಷರಗಳು ಕಣ್ಣಿಗೆ ಬೀಳುವುದೇ ನಿಂತುಹೋಗಿತ್ತು. ರಟ್ಟಿನ ಬಣ್ಣದ ಹಾಗೆ ಅವೂ ರಟ್ಟಿನ ಭಾಗವೇ.

"ಇದೇನ್ರೀ, ಮಕ್ಕಳಿಗೆ ಬೆಲೆ ಚೀಟಿ ಕಟ್ತಿದೀರಾ?" ಎಂದಳು ಹೆಂಡತಿ, ಬಾಚಣಿಗೆ ಹುಡುಕುತ್ತ.

"ವ್ಯವಸ್ಥೆ ಅಂದ್ರೆ ಏನು ಅಂತ ನಿನ್ನ ತಮ್ಮ ನೋಡಿ ಕಲೀಲಿ," ಎಂದು ಸಾಹೇಬರು ಗಂಟು ಬಿಗಿದು, ಇರಲಿ ಎಂದು ಇನ್ನೊಂದು ಚೀಟಿಯನ್ನು ಜೇಬಿಗೆ ತುರುಕಿಕೊಂಡರು. ಆಮೇಲೆ ತಮ್ಮ ಫೋನನ್ನೂ ಆಕೆಯ ಫೋನನ್ನೂ ಆಫ್ ಮಾಡಿ ಆಕೆಯ ಚೀಲದ ತಳಕ್ಕೆ ಹಾಕಿದರು. ಹಾಡಿನ ನಡುವೆ ಗಂಟೆ ಬಾರಿಸಬಾರದಲ್ಲ.

ಸಾಯಂಕಾಲ ಸಂಗೀತೋತ್ಸವದ ಬಯಲಿನ ಬಾಗಿಲಲ್ಲೇ ಮೊದಲ ಯುದ್ಧ ನಡೆಯಿತು. ಕೊರಳಿಗೆ ಪಟ್ಟಿ ಹಾಕಿಕೊಂಡಿದ್ದ ಬಾಗಿಲಿನವನು ಮಕ್ಕಳನ್ನು ನೋಡಿ, "ಮುಂದಿನ ಆವರಣಕ್ಕೆ ದೊಡ್ಡೋರು ಮಾತ್ರ. ಮಕ್ಕಳಿದ್ದೋರು ಅಲ್ಲಿ, ನೀರಿನ ಟ್ಯಾಂಕಿನ ಹತ್ರ" ಎಂದ. ನೀರಿನ ಟ್ಯಾಂಕು ಎಷ್ಟು ದೂರದಲ್ಲಿತ್ತೆಂದರೆ ಅಲ್ಲಿಂದ ವೇದಿಕೆ ಬೆಂಕಿಪೆಟ್ಟಿಗೆಯಷ್ಟು ಕಾಣುತ್ತಿತ್ತು.

"ಕುಟುಂಬ ಸಮೇತ ಬನ್ನಿ ಅಂತ ಕರೆದು, ಬಂದ ಮೇಲೆ ಕುಟುಂಬಾನ ಎರಡು ತುಂಡು ಮಾಡ್ತೀರಾ? ಯಾರ್ರೀ ನಿಮ್ಮ ಮೇಲಿನೋರು?"

"ನಾನು ಬಾಗಿಲಿನೋನು ಸಾರ್. ನನ್ನ ಮೇಲೆ ಎಲ್ರೂ ಇದಾರೆ. ಯಾರು ಬೇಕು ಹೇಳಿ."

ಹಿಂದೆ ಸಾಲಿನಲ್ಲಿದ್ದವರು ಗೊಣಗಿದರು. ಮಡಿಸುವ ಕುರ್ಚಿಯನ್ನು ಕಂಕುಳಲ್ಲಿಟ್ಟುಕೊಂಡ ಭಾವಮೈದ, ತನ್ನ ಹೆಂಡತಿಯೊಂದಿಗೆ ಮುಂದಿನ ಆವರಣಕ್ಕೆ ಸಲೀಸಾಗಿ ಹೋಗುತ್ತ, ಏನೂ ಹೇಳದೆ ನಕ್ಕ. ಹೇಳಿದ್ದರೆ ತಡೆದುಕೊಳ್ಳಬಹುದಿತ್ತು.

ಹೆಂಡತಿಯ ಮುಖ ಸಣ್ಣದಾಯಿತು. "ಬಿಡಿ, ನಾನೂ ಟ್ಯಾಂಕಿನ ಹತ್ರವೇ ಕೂರ್ತೀನಿ."

"ಕೂರಬೇಡ! ಹೋಗು ಮುಂದೆ. ಮಕ್ಕಳು ನನ್ನ ಜವಾಬ್ದಾರಿ. ಭೂಮಿ ಬಾಯ್ಬಿಟ್ರೂ ಏಳಬೇಡ."

ಆಕೆ ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತ ಹೋದಳು.

ಟ್ಯಾಂಕಿನ ಬಳಿ ಸಾಹೇಬರಂಥ ಅಪ್ಪಂದಿರು ಗುಂಪುಗುಂಪಾಗಿ ಬೆವರುತ್ತ ಕೂತಿದ್ದರು. ಯಾರೋ ಒಬ್ಬ ಪಿಟೀಲು ನುಡಿಸುತ್ತಿದ್ದುದು ಗಾಳಿ ಬಂದಾಗ ಕೇಳಿಸುತ್ತಿತ್ತು. ಇಂಜಿನ್ನು ಪಿಟೀಲಿಗೆ ಉತ್ತರ ಕೊಟ್ಟ. ಲಾಯರಮ್ಮ, "ಅಮ್ಮನ ಟೀಚರು ಯಾವಾಗ ಬರ್ತಾರೆ? ಅಲ್ಲಿವರೆಗೂ ಏನು ಮಾಡ್ಬೇಕು? ಸುಮ್ನೆ ಕೂರ್ಬೇಕು ಅಂದ್ರೆ ಯಾಕೆ?" ಎಂದು ವಿಚಾರಣೆ ಶುರುಮಾಡಿದಳು. ಕೊನೆಗೆ ಐಸ್ ಕ್ಯಾಂಡಿ ಕೊಡಿಸುವುದೆಂದು ರಾಜಿಯಾಯಿತು. ಮೂವರೂ ಹೋಗಿ ಸಾಲಿನಲ್ಲಿ ನಿಂತರು.

ಆ ಸಾಲಿನಲ್ಲಿ ಸಾಹೇಬರ ಮುಂದೆ ಮನುಷ್ಯನಿರಲಿಲ್ಲ. ಒಂದು ನೀಲಿ ಚೀಲವಿತ್ತು. ಯಾರೋ ಪುಣ್ಯಾತ್ಮ ತನ್ನ ಬದಲು ಚೀಲವನ್ನು ನಿಲ್ಲಿಸಿ ನೆರಳಿಗೆ ಹೋಗಿದ್ದ. ಸಾಲು ಸರಿದಾಗ ಹಿಂದಿನವರು ಚೀಲವನ್ನು ಕಾಲಲ್ಲಿ ತಳ್ಳುತ್ತ ಬಂದಿದ್ದರು. ವಾರಸುದಾರರಿಲ್ಲದ ಚೀಲ! ಸಾಹೇಬರ ಮೈಯಲ್ಲಿ ಹದಿನೆಂಟು ವರ್ಷದ ಸರ್ವೀಸು ಜಾಗೃತವಾಯಿತು. ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಕೂಗಿದರು. "ಯಾರದಿದು? ಯಾರದು ಈ ಚೀಲ?"

"ನಂದು ನಂದು," ಎಂದು ದಪ್ಪ ಮನುಷ್ಯನೊಬ್ಬ ಓಡಿಬಂದ.

"ನಿಮ್ಮದು ಅಂತ ಏನು ಗ್ಯಾರಂಟಿ? ಒಳಗೇನಿದೆ ಹೇಳಿ."

"ರೀ, ಕೊಡ್ರೀ ಚೀಲಾನ."

"ಗುರುತು ಹೇಳಿ, ಕೊಡ್ತೀನಿ."

"ಒಂದು ಟವಲ್ಲಿದೆ."

"ಯಾವ ಬಣ್ಣ?"

"ಅದು ನನ್ನ ಹೆಂಡ್ತಿ ಹಾಕಿದ್ದು, ನಾನು ನೋಡಿಲ್ಲ!"

"ನೋಡಿಲ್ಲ!" ಎಂದು ಸಾಹೇಬರು ಸುತ್ತ ನಿಂತವರ ಕಡೆ ತಿರುಗಿದರು. "ನೋಡಿ, ತಮ್ಮ ಟವಲ್ಲಿನ ಬಣ್ಣ ತಮಗೇ ಗೊತ್ತಿಲ್ಲ. ಇಂಥೋರಿಂದಲೇ ಕಣ್ರೀ ನಾವು ದಿನಾ ಸಾಯೋದು!"

ಜನ ಸೇರಿದರು. ಅರ್ಧ ಜನ ಸಾಹೇಬರ ಕಡೆ, ಅರ್ಧ ಜನ ಟವಲ್ಲಿನ ಕಡೆ. ಚರ್ಚೆ ಕಾವೇರಿತು. ಮಕ್ಕಳಿಬ್ಬರೂ ಅಪ್ಪ ನಿಲ್ಲಿಸಿದ ಜಾಗದಲ್ಲೇ ಅಪರೂಪಕ್ಕೆ ಅಲುಗಾಡದೆ ನಿಂತಿದ್ದರು. ಆಗ ಅಲ್ಲಿ ಹಾದುಹೋಗುತ್ತಿದ್ದ ಇಬ್ಬರು ಸ್ವಯಂಸೇವಕಿಯರು ಅವರ ಕೊರಳಲ್ಲಿದ್ದ ಹಳದಿ ಚೀಟಿ ಓದಿದರು. ಒಬ್ಬಳು ಬಾಯಿಗೆ ಕೈ ಇಟ್ಟುಕೊಂಡಳು. ಇನ್ನೊಬ್ಬಳು, "ಬನ್ನಿ ಚಿನ್ನ, ಐಸ್ ಕ್ಯಾಂಡಿ ಕೊಡಿಸ್ತೀವಿ" ಎಂದಳು. ಆ ಮಾತಿಗೆ ಲಾಯರಮ್ಮನ ಬಳಿಯೂ ಪ್ರತಿವಾದವಿರಲಿಲ್ಲ.

ಟವಲ್ಲು ಹಸಿರು ಎಂದು ಸಾಬೀತಾಗಿ, ಚೀಲ ಕೈಬದಲಾಗಿ, ದಪ್ಪ ಮನುಷ್ಯ ಶಾಪ ಹಾಕಿ ಹೋದ ಮೇಲೆ ಸಾಹೇಬರು ಗೆಲುವಿನ ನಗೆಯೊಂದಿಗೆ ಪಕ್ಕಕ್ಕೆ ತಿರುಗಿದರು. ಪಕ್ಕದಲ್ಲಿ ಯಾರೂ ಇರಲಿಲ್ಲ.

ಮಕ್ಕಳು ಕಳೆದಿದ್ದಾರೆ ಎಂದು ಅವರು ಅಂದುಕೊಳ್ಳಲಿಲ್ಲ. ಇಲ್ಲಿಲ್ಲ, ಅಷ್ಟೆ. ಟ್ಯಾಂಕಿನ ಹಿಂದೆ ನೋಡಿದರು. ಅಲ್ಲಿಯೂ ಇಲ್ಲ. ಶೌಚಾಲಯದ ಸಾಲು, ಬಲೂನಿನವನ ಸುತ್ತ, ಜನರೇಟರ್ ಲಾರಿಯ ಅಡಿ ಎಲ್ಲ ಕಡೆ ನೋಡಿದರು. ಹದಿನೆಂಟು ವರ್ಷ ಕಿಟಕಿಯ ಈಚೆ ಕೂತವರಿಗೆ ಆಚೆ ನಿಂತವರ ಪಾಡೇನೆಂದು ಅವತ್ತು ಗೊತ್ತಾಯಿತು. ಭಯವಾಯಿತು, ಬಹಳ ಭಯವಾಯಿತು. ಎದುರಿಗೆ ಸಿಕ್ಕವರನ್ನೆಲ್ಲ, "ಒಂದು ಹುಡುಗ, ಒಂದು ಹುಡುಗಿ, ಇಷ್ಟೆತ್ತರ" ಎಂದು ಕೈ ತೋರಿಸುತ್ತ ಓಡಿದರು. ಯಾರೋ ಸ್ವಯಂಸೇವಕರ ಬಿಳಿ ಡೇರೆಯ ಕಡೆ ಬೆರಳು ಮಾಡಿದರು.

ಡೇರೆಯೊಳಗೆ ಮೇಜಿನ ಹಿಂದೆ ಕೂತಿದ್ದವರು ನಿವೃತ್ತ ಹೆಡ್ ಮಿಸ್ಸು. ಶಾಲೆ ಬಿಟ್ಟರೂ ಶಾಲೆ ಅವರನ್ನು ಬಿಟ್ಟಿರಲಿಲ್ಲ. ಹತ್ತಿರದಲ್ಲೇ ಪೊಲೀಸಪ್ಪನೊಬ್ಬ ಟೋಪಿಯಿಂದ ಗಾಳಿ ಬೀಸಿಕೊಳ್ಳುತ್ತಿದ್ದ. ಬೆಂಚಿನ ಮೇಲೆ, ಆರೇಳು ಹೆಂಗಸರ ಅನುಕಂಪದ ನಡುವೆ, ಲಾಯರಮ್ಮ ಕೆಂಪು ಕ್ಯಾಂಡಿಯನ್ನೂ ಇಂಜಿನ್ನು ಹಸಿರು ಕ್ಯಾಂಡಿಯನ್ನೂ ಚೀಪುತ್ತಿದ್ದರು.

"ಹರಾಜು ಹಾಕ್ತಾರಂತೆ! ಹೆತ್ತೋರು ಮನುಷ್ಯರಾ?" ಎನ್ನುತ್ತಿದ್ದಳು ಒಬ್ಬಳು.

"ಫೋನ್ ಮಾಡಿದ್ವಿ ಕಣ್ರೀ," ಎಂದರು ಹೆಡ್ ಮಿಸ್ಸು. "ಯಾರೋ ಕಾವಲುಗಾರ ಎತ್ತಿದ. ಇಬ್ಬರು ಮಕ್ಕಳು ಸಿಕ್ಕಿದಾರೆ ಅಂದ್ರೆ, ಯಾವ ಬಸ್ಸಲ್ಲಿ ಅಂತ ಕೇಳ್ತಾನೆ! ನಾಳೆ ಕೌಂಟರ್ ತೆಗೆದ ಮೇಲೆ ತಂದು ಒಪ್ಪಿಸಿ ಅಂತಾನೆ! ಇದೊಂದು ಜಾಲ. ನನಗೆ ಅನುಮಾನವೇ ಇಲ್ಲ."

ಅಷ್ಟರಲ್ಲಿ ಸಾಹೇಬರು ಒಳನುಗ್ಗಿದರು. ಮಕ್ಕಳನ್ನು ಕಂಡು ಕೈ ಮುಗಿದು, ಎಂದೂ ಇಲ್ಲದ ಮೆತ್ತಗಿನ ದನಿಯಲ್ಲಿ, "ಅಮ್ಮಾ, ನಿಮ್ಮಿಂದ ದೊಡ್ಡ ಉಪಕಾರ ಆಯ್ತು. ಇವು ನನ್ನ ಮಕ್ಕಳು" ಎಂದರು.

ಹೆಡ್ ಮಿಸ್ಸು ಕನ್ನಡಕ ಏರಿಸಿದರು. "ಗುರುತು ಹೇಳಿ."

"ಏನು?"

"ಚೀಟೀಲಿ ನೀವೇ ಹಾಕಿದೀರಲ್ಲ. ಗುರುತು ಹೇಳಿ ಒಯ್ಯತಕ್ಕದ್ದು. ನೀವು ಬೆನ್ನು ತಿರುಗಿಸಿ ನಿಂತ್ಕೊಳ್ಳಿ. ಹುಡುಗಿ ಹಾಕ್ಕೊಂಡಿರೋ ಬಟ್ಟೆ ಯಾವ ಬಣ್ಣ?"

ಸಾಹೇಬರು ಡೇರೆಯ ಬಟ್ಟೆಯ ಕಡೆ ಮುಖ ಮಾಡಿ ಯೋಚಿಸಿದರು. ಬೆಳಿಗ್ಗೆಯಿಂದ ಜೊತೆಗಿದ್ದರು. ಕೊರಳಿಗೆ ಚೀಟಿ ಕಟ್ಟಿದವರೇ ತಾವು. ಆದರೆ ಬಣ್ಣ? "ಅದು ನನ್ನ ಹೆಂಡತಿ ಹಾಕಿದ್ದು..." ಎಂದು ಹೇಳಿ ಅರ್ಧದಲ್ಲೇ ನಾಲಿಗೆ ಕಚ್ಚಿಕೊಂಡರು. ಮಾಡಿದ್ದುಣ್ಣೋ ಮಹಾರಾಯ ಎಂಬುದನ್ನು ಹಿರಿಯರು ಸುಮ್ಮನೆ ಹೇಳಿಲ್ಲ.

"ಹುಡುಗನಿಗೆ ಯಾವ ಹಲ್ಲು ಮುರಿದಿದೆ?"

"ಹಲ್ಲು ಮುರಿದಿದೆಯಾ? ಯಾವಾಗ?" ಎಂದು ಸಾಹೇಬರು ಈಚೆ ತಿರುಗಿದರು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಡ್ ಮಿಸ್ಸು ಲಾಯರಮ್ಮನ ಕಡೆ ಬಗ್ಗಿದರು. "ಪುಟ್ಟೀ, ಹೆದರಬೇಡ. ಇವರು ನಿಮ್ಮಪ್ಪಾನಾ?"

ಲಾಯರಮ್ಮ ಕ್ಯಾಂಡಿ ಕೆಳಗಿಳಿಸಿ, ಕೈ ಮುಗಿದು ನಿಂತಿದ್ದ ಆ ಮೆತ್ತಗಿನ ಮನುಷ್ಯನನ್ನು ಆಮೂಲಾಗ್ರವಾಗಿ ನೋಡಿದಳು. "ನಮ್ಮಪ್ಪನ ಹಾಗೇ ಇದಾರೆ. ಆದ್ರೆ ನಮ್ಮಪ್ಪ ಅಲ್ಲಿ ಜಗಳ ಆಡ್ತಿದಾರೆ. ಇವರು ಆಡ್ತಿಲ್ಲ."

"ಏನೇ ಅಂದೆ?" ಎಂದು ಸಾಹೇಬರು ಗುಡುಗಿದರು. "ಹೆತ್ತ ಅಪ್ಪನ ಮೇಲೆ ಸಾಕ್ಷಿ ಹೇಳ್ತೀಯಾ?"

"ಅಪ್ಪಾ!" ಎಂದು ಇಂಜಿನ್ನು ಸಂತೋಷದಿಂದ ಕೂಗಿದ. ಗುರುತು ಸಿಕ್ಕಿತ್ತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಗುಡುಗಿಗೆ ಪೊಲೀಸಪ್ಪ ಎದ್ದು ಬಂದ. ಸಾಹೇಬರನ್ನು ನೋಡಿದವನೇ ಕಣ್ಣರಳಿಸಿದ. "ಓಹೋ, ಬಸ್ ಸ್ಟ್ಯಾಂಡಿನ ಕಿಟಕಿಯೋರು! ನಮ್ಮ ಮಾವನ ಹಲ್ಲಿನ ಸೆಟ್ಟು ಕೊಡದೇ ಇದ್ದೋರು! ಮೇಡಂ, ಇವರನ್ನ ನನಗೆ ಚೆನ್ನಾಗಿ ಗೊತ್ತು. ನಮ್ಮ ಮಾವ ಎರಡು ತಿಂಗಳು ಗಂಜಿ ಕುಡಿದರು. ಪೂರ್ತಿ ಗುರುತು ಹೇಳಿಸದೆ ಇವರಿಗೆ ಏನನ್ನೂ ಕೊಡಬೇಡಿ."

"ಹಾಗಾದ್ರೆ ತಾಯಿ ಬರ್ಲಿ," ಎಂದರು ಹೆಡ್ ಮಿಸ್ಸು. "ಎಲ್ಲಿದಾರೆ?"

ಆಗ ದೂರದಲ್ಲಿ ಚಪ್ಪಾಳೆ ಬಿತ್ತು. ವೇದಿಕೆಯ ಕಡೆಯಿಂದ ಹಣ್ಣಾದ, ನಡುಗದ ಒಂದು ದನಿ ತೇಲಿ ಬಂತು. ಟೀಚರು ಹಾಡಲು ಶುರುಮಾಡಿದ್ದರು.

ಸಾಹೇಬರು ಅಡಕತ್ತರಿಯಲ್ಲಿ ಸಿಕ್ಕರು. ಹೆಂಡತಿಯನ್ನು ಕರೆಸಿದರೆ ಮಕ್ಕಳು ಈಗಲೇ ಕೈಗೆ ಬರುತ್ತಾರೆ. ಕರೆಸಿದರೆ ಆಕೆ ಏಳಬೇಕು. ಎದ್ದರೆ ಈ ಹಾಡೂ ಅರ್ಧ.

"ಅವಳನ್ನ ಕರೀಬೇಡಿ," ಎಂದರು.

"ಯಾಕೆ?"

"ಕರೀಬೇಡಿ ಅಂದ್ರೆ ಕರೀಬೇಡಿ!"

ಮಕ್ಕಳಿಗೆ ಹರಾಜಿನ ಚೀಟಿ ಕಟ್ಟಿದ ಗಂಡಸು, ಬಟ್ಟೆಯ ಬಣ್ಣ ಗೊತ್ತಿಲ್ಲದ ಗಂಡಸು, ಈಗ ತಾಯಿಯನ್ನು ಕರೆಯಬೇಡಿ ಎನ್ನುತ್ತಿದ್ದಾನೆ. ಹೆಂಗಸರು ಮಕ್ಕಳನ್ನು ತಮ್ಮ ಹತ್ತಿರ ಎಳೆದುಕೊಂಡರು. ಪೊಲೀಸಪ್ಪ ಟೋಪಿ ಹಾಕಿಕೊಂಡ.

"ನೋಡಿ," ಎಂದರು ಸಾಹೇಬರು. ಸಿಟ್ಟಿಗೋ ದುಃಖಕ್ಕೋ ದನಿ ಒಡೆಯಿತು. "ನನ್ನನ್ನ ಲಾಕಪ್ಪಿಗೆ ಹಾಕ್ತೀರಾ, ಹಾಕಿ. ಹರಾಜಿಗೆ ಹಾಕ್ತೀರಾ, ಹಾಕಿ. ಆರು ವರ್ಷದಿಂದ ಅವಳು ಒಂದು ಹಾಡು ಪೂರ್ತಿ ಕೇಳಿಲ್ಲ ಕಣ್ರೀ! ಆ ಹಾಡ್ತಿರೋರು ಅವಳ ಟೀಚರು. ಇವತ್ತು ಬಿಟ್ರೆ ಇನ್ನಿಲ್ಲ. ಮುಗಿಯೋವರೆಗೂ ನಾನು ಇಲ್ಲೇ ಕೂತಿರ್ತೀನಿ. ಅವಳನ್ನ ಮಾತ್ರ ಎಬ್ಬಿಸಬೇಡಿ."

ಒಬ್ಬಿಬ್ಬರು ಹೆಂಗಸರು ಮೃದುವಾದರು. ಹೆಡ್ ಮಿಸ್ಸು ಆಗಲಿಲ್ಲ. ಇಂಥ ಕಥೆಗಳನ್ನು ಹೇಳುವ ಹುಡುಗರನ್ನು ಅವರು ಜೀವನವಿಡೀ ಬೆಂಚಿನ ಮೇಲೆ ನಿಲ್ಲಿಸಿದ್ದರು. ಹಾಡಿನ ನಡುವೆ ಪ್ರಕಟಣೆ ಕೂಡದೆಂಬ ನಿಯಮವಿದ್ದುದರಿಂದ ಮೊದಲ ಹಾಡು ಮುಗಿಯುವವರೆಗೆ ಕಾದರು. ಚಪ್ಪಾಳೆ ಅಡಗಿದ್ದೇ ತಡ, ಮೈಕು ಬಾಯಿಗಿಟ್ಟರು. ಬಯಲಿನ ಅಷ್ಟೂ ಕಂಬಗಳಿಂದ ಅವರ ದನಿ ಮೊಳಗಿತು.

"ಗಮನಿಸಿ. ಹಳದಿ ಚೀಟಿ ಕಟ್ಟಿರುವ ಇಬ್ಬರು ಮಕ್ಕಳು ನಮ್ಮ ಡೇರೆಯಲ್ಲಿ ಕ್ಷೇಮವಾಗಿದ್ದಾರೆ. ತಂದೆ ಎಂದು ಹೇಳಿಕೊಳ್ಳುವ ಒಬ್ಬ ಗಂಡಸೂ ಸಿಕ್ಕಿದ್ದಾರೆ. ಕೂಗಾಡುತ್ತಾರೆ. ಸಂಬಂಧಪಟ್ಟವರು ಬಂದು ಗುರುತು ಹೇಳಿ ಒಯ್ಯಬೇಕು."

ಬಯಲು ನಕ್ಕಿತು. ಸಾಹೇಬರು ಕಣ್ಣು ಮುಚ್ಚಿಕೊಂಡರು. ಹೆಡ್ ಮಿಸ್ಸು ಸಾಹೇಬರ ಜೇಬಿನಿಂದ ಇಣುಕುತ್ತಿದ್ದ ಮತ್ತೊಂದು ಹಳದಿ ಚೀಟಿಯನ್ನು ಎಳೆದು ಅವರ ಅಂಗಿಯ ಗುಂಡಿಗೆ ಕಟ್ಟಿದರು. ಹಾಗೆ ಕಟ್ಟಿಸಿಕೊಳ್ಳುವಾಗಲೂ ಅವರು, "ಗಂಟು ಹೀಗಲ್ಲ, ಬಿಚ್ಚಿಹೋಗುತ್ತೆ" ಎಂದು ಸಿಡುಕಿದರು.

ಓಡಿಬಂದದ್ದು ಹೆಂಡತಿಯಲ್ಲ, ಭಾವಮೈದ. ಕುರ್ಚಿ ಕಂಕುಳಲ್ಲೇ ಇತ್ತು. ಮುಖದಲ್ಲಿ ಆನಂದ ತುಳುಕುತ್ತಿತ್ತು.

"ನಿಮಗೆ ಇವರು ಗೊತ್ತಾ?" ಎಂದರು ಹೆಡ್ ಮಿಸ್ಸು.

ಭಾವಮೈದ ಅವಸರ ಮಾಡಲಿಲ್ಲ. ಈ ಕಡೆಯಿಂದ ನೋಡಿದ, ಆ ಕಡೆಯಿಂದ ನೋಡಿದ. ಚೀಟಿಯನ್ನು ತಿರುಗಿಸಿ ಓದಿದ. "ನಮ್ಮ ಭಾವಾನೇ. ಅನುಮಾನ ಬೇಡ. ಆದ್ರೆ ಮಕ್ಕಳನ್ನ ಮಾತ್ರ ಇವರ ಕೈಗೆ ಕೊಡಬೇಡಿ ಮೇಡಂ. ನಾನು ಬೆಳಿಗ್ಗೇನೆ ಹೇಳಿದ್ದೆ."

"ನಿನ್ನ ಅಕ್ಕ ಎಲ್ಲೋ?" ಎಂದು ಸಾಹೇಬರು ಪಿಸುಗುಟ್ಟಿದರು.

"ಕೂತಿದಾಳೆ. ತಾಳಿ, ಕರ್ಕೊಂಡು ಬರ್ತೀನಿ."

ಸಾಹೇಬರು ಅವನ ಮಡಿಸುವ ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದರು. "ಹೋದ್ರೆ ನೋಡು! ಕುರ್ಚಿ ಬಿಡಲ್ಲ!" ಕುರ್ಚಿ ಅವನಿಗೆ ಅಕ್ಕನಿಗಿಂತ ಪ್ರಿಯವಾಗಿತ್ತು, ಹೊಸದು. ಎಳೆದಾಟದಲ್ಲಿ ಕುರ್ಚಿ ಬಿಚ್ಚಿಕೊಂಡು ಭಾವಮೈದನ ಬೆರಳು ಸಿಕ್ಕಿಕೊಂಡಿತು. ಅವನು ಕಿರುಚಲು ಬಾಯಿ ತೆರೆದಾಗ, "ಶ್! ಹಾಡು ಶುರುವಾಯ್ತು" ಎಂದು ಹೆಡ್ ಮಿಸ್ಸು ಗದರಿದರು. ಅವನು ಬಾಯಿ ಮುಚ್ಚಿ ಬೆರಳು ಚೀಪುತ್ತ ಕೂತ.

ಮಾಡಲು ಬೇರೆ ಕೆಲಸವಿಲ್ಲದೆ ಸಾಹೇಬರು ಹಾಡು ಕೇಳಿದರು. ಅವರಿಗೆ ಸಂಗೀತ ಗೊತ್ತಿರಲಿಲ್ಲ. ದನಿ ಒಂದು ಕಡೆ ಹೋಗಿ, ದಾರಿ ತಪ್ಪಿತೇನೋ ಎನ್ನುವಷ್ಟರಲ್ಲಿ ಹೊರಟ ಜಾಗಕ್ಕೇ ಬಂದು ನಿಲ್ಲುತ್ತಿತ್ತು. ಇಂಜಿನ್ನು ಕ್ಯಾಂಡಿ ಕಡ್ಡಿ ಕೈಯಲ್ಲಿ ಹಿಡಿದುಕೊಂಡೇ ಅಪ್ಪನ ತೊಡೆ ಹತ್ತಿ ಕೂತ. ಯಾರೂ ಅವನನ್ನು ತಡೆಯಲಿಲ್ಲ. ಲಾಯರಮ್ಮ ಒಂದೂ ಪ್ರಶ್ನೆ ಕೇಳದೆ ಡೇರೆಯ ಸೀಳಿನಿಂದ ವೇದಿಕೆಯ ದೀಪ ನೋಡುತ್ತಿದ್ದಳು.

ಹೆಂಡತಿ ಬರಬಾರದು ಎಂದು ಜಗಳವಾಡಿದವರೂ ಸಾಹೇಬರೇ, ಬರಲಿಲ್ಲವಲ್ಲ ಎಂದು ಉರಿದುಕೊಂಡವರೂ ಅವರೇ. ಗಂಡನನ್ನು ಕಂಬ ಕಂಬದಲ್ಲಿ ಕೂಗಿ ಹೇಳಿದರೂ ಕದಲದ ಹೆಂಡತಿ!

ಕೊನೆಯ ಚಪ್ಪಾಳೆ ಬಹಳ ಹೊತ್ತು ಬಿತ್ತು. ಜನ ಅರ್ಧಕ್ಕರ್ಧ ಕರಗಿದ ಮೇಲೆ ಆಕೆ ನಿಧಾನವಾಗಿ ನಡೆದು ಬಂದಳು. ಕಣ್ಣು ಅತ್ತು ಕೆಂಪಾಗಿತ್ತು, ಮುಖ ಮಾತ್ರ ತಿಳಿಯಾಗಿತ್ತು. ಮಕ್ಕಳ ತಲೆ ನೇವರಿಸಿದಳು. ಗಂಡನ ಅಂಗಿಯ ಮೇಲಿನ ಚೀಟಿ ನೋಡಿದಳು.

"ನಿನಗೆ ಕೇಳಿಸ್ಲಿಲ್ವಾ?" ಎಂದರು ಸಾಹೇಬರು.

"ಕೇಳಿಸ್ತು."

"ಕೇಳಿಸಿಯೂ ಕೂತಿದ್ದೆಯಾ?"

"ಮಕ್ಕಳು ಕ್ಷೇಮ ಅಂದ್ರಲ್ಲ. ಇನ್ನು ಉಳಿದಿದ್ದು ನೀವು. ನಿಮ್ಮನ್ನ ಯಾರು ಒಯ್ತಾರೆ?"

ಭಾವಮೈದ ಬೆರಳಿನ ನೋವು ಮರೆತು ನಕ್ಕ. ಹೆಡ್ ಮಿಸ್ಸು ನಗಲಿಲ್ಲ. ದಾಖಲೆ ಪುಸ್ತಕ ತೆರೆದು, "ಮಕ್ಕಳ ವಿಷಯ ಸರಿ. ಮುಖ ನೋಡಿದ್ರೇ ಗೊತ್ತಾಗುತ್ತೆ ತಾಯಿ ಅಂತ" ಎಂದರು. "ಇವರ ಗುರುತು ಹೇಳಿ."

ಆಕೆ ಗಂಡನ ಮುಖ ನೋಡಿ ಹೆಡ್ ಮಿಸ್ಸಿನ ಕಡೆ ತಿರುಗಿದಳು.

"ನನ್ನನ್ನ ಎಬ್ಬಿಸಬೇಡಿ ಅಂತ ನಿಮ್ಮ ಜೊತೆ ಯಾರಾದ್ರೂ ಗಲಾಟೆ ಮಾಡಿದ್ರಾ?"

"ಮಾಡಿದ್ರು. ಬಹಳ ಮಾಡಿದ್ರು."

"ಹಾಗಾದ್ರೆ ಇವರೇ."

ಹೆಡ್ ಮಿಸ್ಸು ಎದ್ದು ಬಂದು ಸಾಹೇಬರ ಗುಂಡಿಗೆ ಕಟ್ಟಿದ್ದ ಚೀಟಿ ಬಿಚ್ಚಿದರು. "ಹೋಗಿ," ಎಂದರು. ಪೊಲೀಸಪ್ಪ ಕೂಡ ಟೋಪಿ ತೆಗೆದ.

ಸಾಹೇಬರ ಕಣ್ಣು ಮಂಜಾಯಿತು. ಇಷ್ಟು ಜನರೆದುರು ಅಳುವುದು ಅವರಿಂದಾಗದ ಕೆಲಸ. ಆದ್ದರಿಂದ ಗೊತ್ತಿದ್ದ ಕೆಲಸವನ್ನೇ ಮಾಡಿದರು. ಮೇಜಿಗೆ ಕೈ ಬಡಿದು ಗರ್ಜಿಸಿದರು. "ಏನ್ರೀ ಇದು? ಸಹಿ ತಗೊಳ್ಳದೆ ಹೇಗ್ರೀ ಬಿಟ್ಟುಕೊಡ್ತೀರಿ? ನಾಳೆ ಬೇರೆ ಯಾರಾದ್ರೂ ಬಂದು ನಮ್ಮದು ಅಂದ್ರೆ? ಇದೊಂದು ಕಚೇರೀ ಏನ್ರೀ?"

"ಬೇರೆ ಯಾರೂ ಬರಲ್ಲ," ಎಂದಳು ಹೆಂಡತಿ. ಹೆಡ್ ಮಿಸ್ಸಿನ ಪೆನ್ನು ಇಸಿದುಕೊಂಡು, ಬಗ್ಗಿ, ಮೂರಕ್ಕೂ ಸಹಿ ಹಾಕಿದಳು.